ಬಾವಿಗೆ ಮೊದಲು ಇಳಿಯುವವನು

ಬಾವಿಯ ಕಬ್ಬಿಣಕ್ಕೆ ನಿಲಂಗಾ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಎತ್ತು ಕಟ್ಟಿ ನೀರೆಳೆಯುವ ತೊಗಲಿನ ಚೀಲಕ್ಕೆ ಅಲ್ಲಿ ಮೋಟ ಅನ್ನುತ್ತಾರೆ. ಆ ಮೋಟದ ಹಗ್ಗ ಓಡುವ ಗಡಗಡಿಗೆ ಹೊಸ ಅಚ್ಚು ಹಾಕಿದ ದಿನ, ಅಚ್ಚು ಬಡಿದ ಕಂಬಾರನೇ ಮೊದಲು ಮೋಟದಲ್ಲಿ ಕೂತು ಬಾವಿಯ ತಳ ಮುಟ್ಟಿ ಬರಬೇಕು. ಅವನು ಮೇಲೆ ಬಂದಮೇಲೆಯೇ ಹೋಳಿಗೆ, ಅವನು ಮೇಲೆ ಬಂದಮೇಲೆಯೇ ಮನೆಯವರು ಇಳಿಯುವುದು. ಕಂಬಾರನ ಕೆಲಸ ನೆಟ್ಟಗಿದೆಯೋ ಸೊಟ್ಟಗಿದೆಯೋ ಅಂತ ಯಾರೂ ಪಂಚಾಯ್ತಿ ಕೂಡಿಸುತ್ತಿರಲಿಲ್ಲ. ನೀ ಬಡದಿ, ನೀ ಇಳಿ. ಮುಗೀತು! ಇಷ್ಟು ಚೊಕ್ಕ ಕಾನೂನು ನಿಜಾಮನ ಕಾಲದಲ್ಲೂ ಇರಲಿಲ್ಲ, ಅವನ ಹಿಂದೆ ಬಂದವರ ಕಾಲದಲ್ಲೂ ಕಾಣಲಿಲ್ಲ.

ಮನ್ಮಥಪ್ಪ ಸಾವಕಾರನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ನಿಲಂಗಾ ಪೇಟೆಯಲ್ಲಿ ಅವನ ಅಂಗಡಿ. ಒಂದು ಮಗ್ಗುಲು ಬೇಳೆ ಬೆಲ್ಲ, ಇನ್ನೊಂದು ಮಗ್ಗುಲು ಕಬ್ಬಿಣ. ಮೊದಲೆಲ್ಲ ಸಲಾಕೆ ತರಿಸಿ ಕಂಬಾರ ಅಂಬಾದಾಸನ ಕುಲುಮೆಗೆ ಹಾಕಿ, ಅವನು ಬಡಿದು ಕೊಟ್ಟದ್ದನ್ನು ಹಳ್ಳಿಹಳ್ಳಿಗೆ ಮಾರುತ್ತಿದ್ದ. ಅಂಬಾದಾಸನೇನು ದೇವರಂಥ ಮನುಷ್ಯನಲ್ಲ ಬಿಡಿ. ಸೋಮವಾರ ಕೊಡುತ್ತೇನೆ ಅಂದರೆ ಯಾವ ತಿಂಗಳ ಸೋಮವಾರ ಅಂತ ಕೇಳಬೇಕು. ಸೇಂದಿ ಹೊಟ್ಟೆಗೆ ಬಿತ್ತೆಂದರೆ ಆವತ್ತು ಕುಲುಮೆ ತಣ್ಣಗೆ. ಅವನ ಅಚ್ಚು ಸವೆಯುತ್ತಿತ್ತು, ಬಾಗುತ್ತಿತ್ತು. ಹೊತ್ತು ತಂದು ಬಾಯಿಗೆ ಬಂದಂತೆ ಬೈದರೆ, ಹಲ್ಲು ಕಿರಿದು, ಕಾಯಿಸಿ, ಮತ್ತೆ ಬಡಿದು ಕೊಡುತ್ತಿದ್ದ.

ಪೊಲೀಸ್ ಆಕ್ಷನ್ ಆಗಿ ನಾಲ್ಕಾರು ವರ್ಷ ಕಳೆದವು. ನಿಜಾಮನ ಕಾಲದ ಕರೋಡಗಿರಿ ನಾಕೆಗಳು, ಆ ಸುಂಕದ ಕಟ್ಟೆಗಳು, ಒಂದೊಂದಾಗಿ ಎದ್ದುಹೋದವು, ಸೊಲ್ಲಾಪುರದ ಮಾಲು ಸುಂಕದ ಕಾಟವಿಲ್ಲದೆ ಉಮರ್ಗಾ ದಾಟಿ ಬರತೊಡಗಿತು. ಅದರ ಜೊತೆಗೇ ಬಂದವು ವಿಲಾಯತಿ ಅಚ್ಚುಗಳು. ಎಣ್ಣೆ ಕಾಗದದ ಸುತ್ತು, ಕಿರೀಟದ ಛಾಪು, ಒಂದನ್ನು ಮುಚ್ಚಿ ಇನ್ನೊಂದು ತೆಗೆದರೆ ಗುರುತು ಹತ್ತದಷ್ಟು ಏಕಸಮ. ಬೆಲೆ ಅಂಬಾದಾಸನ ಕೂಲಿಗಿಂತ ಕಡಿಮೆ! ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳೇ? ರೈತರು ಮುಗಿಬಿದ್ದರು, ಮನ್ಮಥಪ್ಪ ಕುಲುಮೆಗೆ ಸಲಾಕೆ ಹಾಕುವುದನ್ನು ನಿಲ್ಲಿಸಿದ.

ಅಂಬಾದಾಸ ಅಂಗಡಿಗೆ ಬಂದು ಹೊಸ ಅಚ್ಚನ್ನು ಕೈಯಲ್ಲಿ ಹಿಡಿದು ನೋಡಿದ.

"ಛಲೋ ಅದ ಸಾವಕಾರ್ರ. ಯಾರು ಬಡದಾರ ಇದನ್ನ?"

"ಯಾರಿಗೊತ್ತಪಾ? ವಿಲಾಯ್ತ್ಯಾಗ ಮಶೀನ್ ಮಾಡ್ತದ."

"ಮತ್ತ ಬಾವ್ಯಾಗ ಮೊದಲ ಯಾರು ಇಳೀತಾರ? ಮಶೀನ್ ಬರ್ತದೇನು?"

ಮನ್ಮಥಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಬಾದಾಸ ನಗಲಿಲ್ಲ. ದೀಪಾವಳಿಗೆ ಮೊದಲೇ ತಿದಿ ಮಾರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರದ ಗಿರಣಿಗೆ ಹೋಗಿಬಿಟ್ಟ. ಪೇಟೆಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಒಂದು ವಾರ ಜನಕ್ಕೆ ಏನೋ ಕಳೆದಂತೆ ಆಯಿತು, ಆಮೇಲೆ ರೂಢಿಯಾಯಿತು.

ಬೇಸಿಗೆ ಬಿತ್ತು. ಯೆಣೆಗೂರದಿಂದ ಒಬ್ಬ ಗಾಡಿಯವನು ಬಂದು ಗೋಣಿತಟ್ಟಿನ ಗಂಟೊಂದನ್ನು ಮನ್ಮಥಪ್ಪನ ಗಾದಿಯ ಮೇಲೆ ಇಟ್ಟ. ಬಿಚ್ಚಿದರೆ ಎರಡು ತುಂಡಾದ ಅಚ್ಚು. ಮುರಿದ ಬಾಯಿಯಲ್ಲಿ ಸಣ್ಣ ಸಣ್ಣ ತೂತು, ಹುಳ ತಿಂದ ಜೋಳದ ದಂಟಿನ ಹಾಗೆ. ಮೇಲೆ ಮಾತ್ರ ಕನ್ನಡಿ.

"ಮೋಟ ಸೀದಾ ಬಾವ್ಯಾಗ ಹೋತ್ರಿ. ಪುಣ್ಯಕ್ಕ ಬರೇ ನೀರಿತ್ತು, ಮನಿಶಾ ಇರ್ಲಿಲ್ಲ" ಅಂದ ಗಾಡಿಯವನು.

ಮನ್ಮಥಪ್ಪ ಅವನಿಗೆ ಇನ್ನೊಂದು ಅಚ್ಚು ಪುಕ್ಕಟೆ ಕೊಟ್ಟ, ಮೇಲೆ ಬೆಲ್ಲದ ಅಚ್ಚು ಬೇರೆ, ಯಾರ ಮುಂದೂ ಬಾಯಿ ಬಿಡಬೇಡ ಅಂತ ಕೈ ಮುಟ್ಟಿ ಹೇಳಿದ. ತುಂಡು ತೆಗೆದುಕೊಂಡು ಸೊಲ್ಲಾಪುರಕ್ಕೂ ಹೋದ. ಅಲ್ಲಿಯ ದೊಡ್ಡ ವ್ಯಾಪಾರಿ, "ಮುಂಬಯಿಯವ್ರನ್ನ ಕೇಳ್ರಿ" ಅಂದ. ಮುಂಬಯಿಗೆ ಬರೆಸಿದರೆ, ಹಡಗಿನಲ್ಲಿ ಬಂದ ಮಾಲು, ನಾವೇನು ಎರಕ ಹೊಯ್ದೆವೇ ಅಂತ ಉತ್ತರ. ಹಡಗಿನ ಮಾತು ಯಾರನ್ನು ಕೇಳಬೇಕು? ಸಮುದ್ರವನ್ನೇ? ಅಂಬಾದಾಸನಾದರೆ ಕೊರಳಪಟ್ಟಿ ಹಿಡಿಯಬಹುದಿತ್ತು. ಇಲ್ಲಿ ಹಿಡಿಯುವುದಕ್ಕೆ ಒಂದು ಕೊರಳೂ ಸಿಗಲಿಲ್ಲ. ಮನ್ಮಥಪ್ಪ ಉಳಿದ ಪೆಟ್ಟಿಗೆಯನ್ನು ಒಳಕೋಣೆಗೆ ತಳ್ಳಿ ಕೂತ. ಎಲ್ಲ ಅಚ್ಚೂ ಹಾಗೇ ಇರುತ್ತವೇ, ಒಂದು ಕೆಟ್ಟದ್ದು ಬಂದಿರಬೇಕು ಅಂತ ತನಗೆ ತಾನೇ ಹೇಳಿಕೊಂಡ. ನಾಲ್ಕು ದಿನದ ಮೇಲೆ ಪೆಟ್ಟಿಗೆ ಮತ್ತೆ ಮುಂದೆ ಬಂತು. ಆಸೆ ಯಾರಪ್ಪನ ಮಾತು ಕೇಳುತ್ತದೆ?

ಸಂತೆಯ ದಿನ ಮುಕ್ತಾಬಾಯಿ ಅಚ್ಚು ಕೊಳ್ಳಲು ಬಂದಳು. ದೇವಣಿ ದಾರಿಯ ಹಳ್ಳಿಯವಳು, ಗಂಡ ತೀರಿದ ಮೇಲೆ ಹೊಲ, ಎತ್ತು, ಒಬ್ಬನೇ ಮಗ ರೇವಣಸಿದ್ಧ, ಎಲ್ಲವನ್ನೂ ತಾನೇ ನಿಂತು ನೋಡಿಕೊಂಡ ಗಟ್ಟಿ ಹೆಂಗಸು. ಅವಳ ಬಾವಿಗೆ ಮೆಟ್ಟಿಲಿಲ್ಲ. ಹೂಳು ತೆಗೆಯಬೇಕೆಂದರೆ ಮೋಟದಲ್ಲಿ ಕೂತೇ ಇಳಿಯಬೇಕು.

"ಗಟ್ಟಿ ಅದನ್ರಿ ಸಾವಕಾರ್ರ? ಮಗ ಇಳೀತಾನ ಮತ್ತ."

"ನನ್ನ ಜೀವದಾಣಿ ಅಕ್ಕಾರ" ಅಂದ ಮನ್ಮಥಪ್ಪ. ಅಂದ ಕೂಡಲೇ ಯೆಣೆಗೂರದ ತುಂಡು ಕಣ್ಣ ಮುಂದೆ ಬಂತು, ಆದರೆ ಮಾತು ಬಾಯಿ ದಾಟಿತ್ತು.

"ಹಂಗಾರ ಅಚ್ಚು ಕೂಡ್ಸೂ ದಿನಾ ಬರ್ರಿ. ಹೋಳಿಗಿ ಮಾಡ್ತೀನಿ. ಗಾಡಿ ಕಳಸ್ತೀನಿ."

ಗಾಡಿ ಬಂತು. ಹೋಗದಿದ್ದರೆ ಸಂಶಯ, ಹೋದರೆ ಊಟ, ಹೋದ. ಹೊಲದಲ್ಲಿ ಊರೇ ನೆರೆದಿತ್ತು. ಗಡಗಡಿಗೆ ಅಚ್ಚು ಕೂಡಿಸಿ ಎಣ್ಣೆ ಬಿಟ್ಟಿದ್ದರು. ದೇವಣಿಯ ಜೋಡೆತ್ತು ನೊಗ ಹೊತ್ತು ನಿಂತಿದ್ದವು. ಒಲೆಯ ಮೇಲೆ ಹೂರಣದ ವಾಸನೆ. ಮುಕ್ತಾಬಾಯಿ ಅವನ ಹಣೆಗೆ ವಿಭೂತಿ ಹಚ್ಚಿದಳು, ಕೊರಳಿಗೆ ಹಾರ ಹಾಕಿದಳು. ಸಾವಕಾರ ಉಬ್ಬಿಹೋದ. ಎಲೆ ಎಲ್ಲಿ ಹಾಕಿದ್ದಾರೆ ಅಂತ ಆ ಕಡೆ ಈ ಕಡೆ ನೋಡಿದ. ಎಲೆ ಎಲ್ಲಿಯೂ ಇರಲಿಲ್ಲ. ರೇವಣಸಿದ್ಧ ಮೋಟದ ಬಾಯಿ ಅಗಲಿಸಿ ಹಿಡಿದು ನಿಂತಿದ್ದ.

"ಬರ್ರಿ ಕಾಕಾ, ಕೂಡ್ರಿ."

"ಎಲ್ಲಿ?"

"ಮೋಟದಾಗರೀ. ಅಂಬಾದಾಸ ಇದ್ದಾಗ ಅಂವಾ ಇಳೀತಿದ್ದ. ಈಗ ಅಚ್ಚು ಕೊಟ್ಟಾಂವ್ರು ನೀವು."

ಯಾರೂ ಅಣಕಿಸಿ ಹೇಳಿದ್ದಲ್ಲ. ಕುಹಕವಿದ್ದಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳಬಹುದಿತ್ತು. ಎಲ್ಲರೂ ಅವನನ್ನು ದೊಡ್ಡವನನ್ನು ನೋಡುವ ಹಾಗೆ ನೋಡುತ್ತಿದ್ದರು. ಒಬ್ಬ ಮುದುಕ, "ಸಾವಕಾರಗ ಅಂಜಿಕಿ ಏನು? ಮಾಲ ಛಲೋ ಇದ್ದಾಂವಗ ಅಂಜಿಕಿ ಇರಂಗಿಲ್ಲ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮನ್ಮಥಪ್ಪನ ಕೈ ತಾನಾಗಿಯೇ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು. ಇಳಿಯುವುದಿಲ್ಲ ಅಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ನಿಲಂಗಾ, ಮುರುಮ, ಉದಗೀರ, ಎಲ್ಲಿಯೂ ಮುಖ ತೋರಿಸುವಂತಿಲ್ಲ. ಏನಾದರಾಗಲಿ, ಒಂದು ಸಲ, ಒಂದೇ ಸಲ ಹೋಗಿ ಬಂದರಾಯಿತು ಅಂತ ರುಮಾಲು ತೆಗೆದಿಟ್ಟು ಮೋಟದಲ್ಲಿ ಕೂತ.

ಎತ್ತುಗಳು ಹಿಂದೆ ಹೆಜ್ಜೆ ಇಟ್ಟವು. ನೆಲ ಮೇಲೆ ಹೋಯಿತು. ಗಡಗಡಿ ಒಮ್ಮೆ ಕಿರ್ರ್ ಅಂದಾಗ ಅವನು ಹಗ್ಗ ತಬ್ಬಿಕೊಂಡ. ಬಾವಿಯ ಗೋಡೆಯಲ್ಲಿ ಪಾರಿವಾಳ ಪಟಪಟ ಬಡಿದುಕೊಂಡು ಹಾರಿದವು. ಮೇಲಿನ ಬೆಳಕು ಕಿರಿದಾಗುತ್ತ ಹೋಯಿತು. ಹೂಳಿನ ಕೊಳೆತ ವಾಸನೆ ಮೂಗಿಗೆ ಹತ್ತಿದಾಗ ಅವನು ಕರಡಿಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ತಂದೇ, ಮೇಲೆ ಮುಟ್ಟಿಸು, ಮುಟ್ಟಿದ ಕೂಡಲೇ ಎಲ್ಲ ಹೇಳಿಬಿಡುತ್ತೇನೆ, ಅಂಗಡಿ ಹೋದರೆ ಹೋಗಲಿ ಅಂತ ಬೇಡಿಕೊಂಡ. ಕಾಲಿಗೆ ಕೆಸರು ತಾಗಿತು. ಮೇಲಿಂದ ಕೂಗು, ಎತ್ತುಗಳ ಗೆಜ್ಜೆ. ಮೋಟ ಏರತೊಡಗಿತು. ಹುಟ್ಟಿದ ಮೇಲೆ ಅಷ್ಟು ಭಯ ಅವನು ಕಂಡಿರಲಿಲ್ಲ.

ದಂಡೆ ಮುಟ್ಟಿದಾಗ ಜನ "ಹರಹರ ಮಹಾದೇವ" ಅಂದರು. ರೇವಣಸಿದ್ಧ ಅವನ ಕೈ ಹಿಡಿದು ಇಳಿಸಿ, ತಾನು ಧೋತರದ ಕಚ್ಚೆ ಬಿಗಿದು, ಸಲಿಕೆ ಎತ್ತಿಕೊಂಡು ಮೋಟಕ್ಕೆ ಕಾಲಿಟ್ಟ. ಮೊದಲ ದಿನದ ಹೂಳು ಮನೆಯ ಮಗನೇ ತುಂಬಬೇಕು.

ಮನ್ಮಥಪ್ಪ ಮಾತಿಗೆ ತಪ್ಪಲಿಲ್ಲ. ಹುಡುಗನ ರಟ್ಟೆ ಹಿಡಿದ.

"ಇಳೀಬ್ಯಾಡೋ! ಅಚ್ಚು ಖರೇ ಇಲ್ಲ. ಇದರ ಜೋಡಿದು ಯೆಣೆಗೂರದಾಗ ಮುರದದ. ಒಳಗ ಎಲ್ಲಾ ತೂತು. ನನಗ ಗೊತ್ತಿತ್ತು, ಗೊತ್ತಿದ್ದೂ ಮಾರೀನಿ!"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಸಾವಕಾರಗ ಬಾವಿ ಗಾಳಿ ಬಡೀತು ನೋಡ್ರಿ!"

"ಖರೇ ಹೇಳ್ತೀನ್ರೋ! ಲಿಂಗದಾಣಿ!"

ರೇವಣಸಿದ್ಧ ಮೆಲ್ಲಗೆ ರಟ್ಟೆ ಬಿಡಿಸಿಕೊಂಡ. "ಕಾಕಾ, ಗೊತ್ತಿದ್ರ ನೀವು ಇಳೀತಿದ್ರೇನು? ಸಾಯ್ತೀನಿ ಅಂತ ಗೊತ್ತಿದ್ದು ಯಾವ ಮನಿಶಾ ಮೋಟದಾಗ ಕೂಡ್ತಾನ್ರಿ?"

ಹುಡುಗನ ಮಾತಿನಲ್ಲಿ ತಪ್ಪೇ ಇರಲಿಲ್ಲ. ತಲೆಮಾರುಗಳಿಂದ ಆ ಸೀಮೆ ನಂಬಿದ್ದು ಅದನ್ನೇ. ಬಾಯಿ ಸುಳ್ಳು ಹೇಳಬಹುದು, ಇಳಿದು ಬಂದ ಮೈ ಸುಳ್ಳು ಹೇಳುವುದಿಲ್ಲ. ಮನ್ಮಥಪ್ಪ ಓಡಿಹೋಗಿ ಎತ್ತಿನ ನೊಗಕ್ಕೆ ಜೋತುಬಿದ್ದ. ಇಬ್ಬರು ಆಳುಗಳು ಬಂದು, ಚಿಕ್ಕ ಕೂಸನ್ನು ಎತ್ತಿದ ಹಾಗೆ ಎತ್ತಿ, ಬೇವಿನ ಮರದ ನೆರಳಿಗೆ ತಂದು ಕೂಡಿಸಿದರು. ಮುಕ್ತಾಬಾಯಿ ಬೆಲ್ಲದ ನೀರು ತಂದಳು.

"ಅಕ್ಕಾರ, ನೀವಾದ್ರೂ ಕೇಳ್ರಿ. ಮಗನ್ನ ಮ್ಯಾಲ ಕರೀರಿ."

"ಕುಡೀರಿ ಅಣ್ಣಾ, ಕುಡೀರಿ. ಮೊದಲ ಸಲ ಇಳಿದವ್ರಿಗೆ ಹಿಂಗಽ ಆಗ್ತದ. ನಮ್ಮ ಮನಿಯವರೂ ಒಂದಿನಾ ನಡಗ್ಯಾರ." ಅವಳು ಲೋಟವನ್ನು ಅವನ ಬಾಯಿಗೆ ಹಿಡಿದೇ ಕುಡಿಸಿದಳು.

ಮೋಟ ಇಳಿಯಿತು, ಹೂಳು ಹೊತ್ತು ಏರಿತು. ಮತ್ತೆ ಇಳಿಯಿತು, ಮತ್ತೆ ಏರಿತು. ಒಬ್ಬನಿಗಿಂತ ಹೂಳು ಭಾರ. ಅದನ್ನೇ ಎತ್ತುತ್ತದೆ ನೋಡ್ರಿ ಸಾವಕಾರ್ರ ಅಂತ ಆಳುಗಳು ಚೇಷ್ಟೆ ಮಾಡಿದರು. ಕಪ್ಪು ಕೆಸರಿನ ಗುಡ್ಡೆ ದಂಡೆಯ ಮೇಲೆ ಬೆಳೆಯಿತು. ಗಡಗಡಿ ಮೊದಲು ಕಿರ್ರ್ ಅನ್ನುತ್ತಿದ್ದದ್ದು ಹೊತ್ತೇರಿದಂತೆ ಕಟಕಟ ಅನ್ನತೊಡಗಿತು. ಅದು ಮನ್ಮಥಪ್ಪನಿಗೊಬ್ಬನಿಗೇ ಕೇಳಿಸಿತೋ ಏನೋ. ಅವನು ಏಳುತ್ತಿದ್ದ, ಆಳುಗಳು ಕೂಡಿಸುತ್ತಿದ್ದರು. ಮುಂದೆ ಎಲೆ ಹಾಕಿ ಹೋಳಿಗೆ ಬಡಿಸಿ ತುಪ್ಪ ಸುರಿದರು. ಒಂದು ಚೂರು ಮುರಿದು ಬಾಯಿಗಿಟ್ಟ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಒಂದು ಸಲ ಅವನಿಗೂ ಅನಿಸಿತು, ಇವರು ಹೇಳುವುದೇ ಖರೆ ಇರಬೇಕು, ನನ್ನನ್ನು ಹೊತ್ತ ಅಚ್ಚು ಅವನನ್ನೂ ಹೊತ್ತೀತು, ದೇವರೇ ಹಾಗಾಗಲಿ. ಆ ಆಸೆಗೆ ಅವನು ಎರಡೂ ಕೈಯಿಂದ ಜೋತುಬಿದ್ದ.

ಮಧ್ಯಾಹ್ನ ರೇವಣಸಿದ್ಧ ಒಳಗಿಂದ ಕೂಗಿದ. "ಎಳೀರೋ! ಹೊಟ್ಟಿ ಹಸದದ!"

ಮುಕ್ತಾಬಾಯಿ ಮಗನ ಎಲೆಗೆ ಹೋಳಿಗೆ ಇಟ್ಟಳು. ಎತ್ತುಗಳು ಮುಂದೆ ನಡೆದವು, ಹಗ್ಗ ಬಿಗಿಯಿತು, ಅರ್ಧ ಇಳಿಜಾರು ಮುಟ್ಟಿದವು. ಆಗ ಎತ್ತುಗಳೆರಡೂ ಒಮ್ಮೆಲೇ ಮುಗ್ಗರಿಸಿ ಮೊಣಕಾಲು ಊರಿದವು, ಭಾರವೇ ಇಲ್ಲದ ಹಾಗೆ. ಗಡಗಡಿ ಇದ್ದ ಜಾಗದಲ್ಲಿ ಬರೇ ಕಂಬ ನಿಂತಿತ್ತು. ದಂಡೆಯ ಕಲ್ಲಿಗೆ ಉಜ್ಜಿ ಹರಿದ ಹಗ್ಗ ಸೊರ್ರನೆ ಬಾವಿಗೆ ಇಳಿಯಿತು. ಕೆಳಗೆ ಒಂದು ಸದ್ದಾಯಿತು. ಆಮೇಲೆ ಆಗಲಿಲ್ಲ.

ಜನ ಬೊಬ್ಬಿಡುತ್ತ ದಂಡೆಗೆ ಓಡಿದರು. "ರೇವಣ್ಯಾ! ಓ ರೇವಣ್ಯಾ!" ಅಂತ ಬಗ್ಗಿ ಕೂಗಿದರು. ಬಾವಿ ಅವರ ಕೂಗನ್ನೇ ತಿರುಗಿ ಕೊಟ್ಟಿತು. ಮುಕ್ತಾಬಾಯಿ ಓಡಲಿಲ್ಲ. ತುಪ್ಪದ ಗಿಂಡಿ ಕೈಯಲ್ಲಿ ಹಿಡಿದು ಎಲೆಯ ಮುಂದೆ ಕೂತೇ ಇದ್ದಳು.

ಮನ್ಮಥಪ್ಪ ತೆವಳಿಕೊಂಡು ಹೋಗಿ ಅವಳ ಮುಂದೆ ತಲೆ ಇಟ್ಟ. ಶಾಪ ಹಾಕಲಿ, ಚಪ್ಪಲಿ ತಗೊಳ್ಳಲಿ, ಊರವರ ಕೈಗೆ ಕೊಡಲಿ, ಏನಾದರೂ ಮಾಡಲಿ ಅಂತ ಅವನ ಜೀವ ಹಂಬಲಿಸುತ್ತಿತ್ತು.

"ಹೊಡೀರಿ ಅಕ್ಕಾರ. ನನ್ನ ಹೊಡೀರಿ."

ಅವಳು ಅವನನ್ನು ಗುರುತು ಹತ್ತದವಳ ಹಾಗೆ ನೋಡಿದಳು.

"ನಿಮಗ್ಯಾಕ ಹೊಡೀಲಿ ಅಣ್ಣಾ?" ಅಂದಳು. "ನೀವು ಹೇಳಿದ್ರಿ. ನಾ ಕೇಳಲಿಲ್ಲ."