ಚಂದನ ಬರೆದ ಅರ್ಜಿ

ಯಲ್ದೂರಿನ ಚಂದನ ಹೊರದೇಶದಲ್ಲಿ ಡಾಕ್ಟರ್ ಓದಿ ಬಂದವಳು. ಇಲ್ಲಿ ವೈದ್ಯಳಾಗಲು ಇನ್ನೊಂದು ಅರ್ಹತಾ ಪರೀಕ್ಷೆ ಪಾಸಾಗಬೇಕು. ಮೊದಲ ಸಲ ಫೇಲಾದಳು. "ಓದಿದ್ದು ಸಾಲಲಿಲ್ಲ" ಎಂದು ಎಲ್ಲರಿಗೂ ಹೇಳಿದಳು. ನಿಜ ಬೇರೆಯೇ ಇತ್ತು.

ಹನ್ನೆರಡನೇ ವಯಸ್ಸಿನಿಂದ ಅವಳಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ತಾಯಿ ಅನಸೂಯಮ್ಮ ಯಾರಿಗೂ ಹೇಳಬೇಡ ಎಂದಿದ್ದರು. ಹಾಸ್ಟೆಲಿನಲ್ಲಿ ಆರು ವರ್ಷ ಬಚ್ಚಲಿಗೆ ಹೋಗಿ ಸೂಜಿ ಚುಚ್ಚಿಕೊಂಡಳು. ಗೆಳತಿಯರು ಊಟಕ್ಕೆ ಕರೆದರೆ ನೆಪ ಹೇಳುತ್ತಿದ್ದಳು. ಬರಬರುತ್ತಾ ಅವರು ಕರೆಯುವುದನ್ನೇ ಬಿಟ್ಟರು.

ಪರೀಕ್ಷೆಯ ದಿನ, ಮೈಯಲ್ಲಿ ಸಕ್ಕರೆ ತೀರಾ ಇಳಿದರೆ ತಿನ್ನಲೆಂದು ತಂದಿದ್ದ ಗ್ಲೂಕೋಸ್ ಮಾತ್ರೆಯನ್ನು ತಪಾಸಣೆಯವರು ಗೇಟಿನಲ್ಲೇ ತೆಗೆದಿಟ್ಟರು. ಅವಳು ಕಾಯಿಲೆಯ ವಿಷಯ ಬಾಯಿಬಿಡಲಿಲ್ಲ. ಎರಡು ಗಂಟೆ ಕಳೆಯುವಷ್ಟರಲ್ಲಿ ಮೈ ಬೆವೆತು, ಕೈ ನಡುಗಿ, ಕಂಪ್ಯೂಟರಿನ ಅಕ್ಷರಗಳು ಮಸುಕಾದವು. ಸುತ್ತ ಅಷ್ಟು ಜನ. ಒಬ್ಬರನ್ನೂ ಕರೆಯಲಾಗಲಿಲ್ಲ.

ಎರಡನೇ ಪರೀಕ್ಷೆಗೆ ಅರ್ಜಿ ಕರೆದಾಗ ಊರಿನ ನರ್ಸ್ ಗಂಗಾಲಕ್ಷ್ಮಿಯ ಮುಂದೆ ಅತ್ತುಬಿಟ್ಟಳು. ಆಕೆ ಅಂದೇ ಮನೆಗೆ ಬಂದರು.

"ಮಾತ್ರೆ, ನೀರು, ಸಕ್ಕರೆ ನೋಡೋ ಮಿಷನ್ ಒಳಗೆ ಇಟ್ಕೊಳ್ಳೋಕೆ ಮುಂಚೇನೇ ಬರೆದು ಕೇಳ್ಬೇಕು ಕಣಮ್ಮ."

"ಬ್ಯಾಡ ಗಂಗಕ್ಕ," ಎಂದರು ಅನಸೂಯಮ್ಮ. "ಡಾಕ್ಟ್ರಿಗೇ ಕಾಯಿಲೆ ಅಂದ್ರೆ ಯಾರು ಹತ್ರ ಬರ್ತಾರೆ? ನಾಳೆ ಮದುವೆ ಗಿದುವೆ?"

"ಕನ್ನಡಕ ಹಾಕ್ಕೊಂಡು ಪರೀಕ್ಷೆ ಬರೆಯೋರ್ನ ಯಾರಾದ್ರೂ ಬ್ಯಾಡ ಅಂತಾರಾ? ನಾವೇನು ಮಾರ್ಕ್ಸ್ ಕೇಳ್ತಿಲ್ಲ. ಎಚ್ಚರವಾಗಿ ಕೂತ್ಕೊಂಡು ಬರೆಯೋಕೆ ಬಿಡಿ ಅಂತಿದೀವಿ, ಅಷ್ಟೇ."

ಚಂದನ ಮೆಲ್ಲಗೆ ಹೇಳಿದಳು: "ಅಮ್ಮ, ಅವತ್ತು ಅಲ್ಲೇ ಸತ್ತೋಗ್ತೀನಿ ಅನ್ಕೊಂಡೆ."

ಅನಸೂಯಮ್ಮನ ಮುಖ ಬಿಳಿಚಿತು. "ನಂಗೂ ಹೇಳ್ಲಿಲ್ವಲ್ಲೇ!"

"ಯಾರಿಗೂ ಹೇಳ್ಬೇಡ ಅಂದಿದ್ದೆಯಲ್ಲಮ್ಮ."

ತಾಯಿ ಮಗಳ ಪಕ್ಕ ಬಂದು ಕೂತರು. ಆಮೇಲೆ, "ಬರಿಯೇ ಅರ್ಜಿ. ನಾನೂ ನಿನ್ ಜೊತೆ ಬರ್ತೀನಿ" ಎಂದರು.

ಇಬ್ಬರೂ ಕೋಲಾರಕ್ಕೆ ಹೋಗಿ ವೈದ್ಯರ ಪ್ರಮಾಣಪತ್ರ ತಂದರು. ಅದನ್ನು ಸೇರಿಸಿ ಪರೀಕ್ಷೆ ನಡೆಸುವವರಿಗೆ ಕಳಿಸಿದ ಅರ್ಜಿಗೆ ಮೂರು ವಾರ ಉತ್ತರವಿಲ್ಲ. ಚಂದನ ಫೋನು ಮಾಡಿದಳು, ಮತ್ತೆ ಬರೆದಳು. ಕೊನೆಗೆ ಅನುಮತಿ ಪತ್ರ ಬಂತು. ಅರ್ಜಿಯಲ್ಲಿ ಕೇಳಿದ್ದ ಹೆಚ್ಚಿನ ಸಮಯ ಸಿಗಲಿಲ್ಲ. ಮಾತ್ರೆ, ನೀರು, ಮಿಷನ್‌ಗೆ ಒಪ್ಪಿದ್ದರು.

ಪರೀಕ್ಷೆಯ ನಡುವೆ ಮತ್ತೆ ಕೈ ನಡುಗಿತು. ಚಂದನ ಕೈ ಎತ್ತಿದಳು. ಮೇಲ್ವಿಚಾರಕಿ ಪತ್ರ ನೋಡಿ ತಲೆಯಾಡಿಸಿದರು. ಮಾತ್ರೆ ತಿಂದು ಹದಿನೈದು ನಿಮಿಷ ಕಾದಳು. ಆಮೇಲೆ ಬರೆದು ಮುಗಿಸಿದಳು. ಈ ಸಲ ಪಾಸಾದಳು.

ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯಿರುವವರು ಪರೀಕ್ಷೆಗೆ ಓದುತ್ತಿದ್ದಾರೆಯೇ? ಪ್ರತಿ ಪರೀಕ್ಷೆಯ ನಿಯಮ ಬೇರೆ. ಅರ್ಜಿ ತುಂಬುವಾಗಲೇ ವಿಚಾರಿಸಿ. ವೈದ್ಯರ ಪತ್ರ ಕೊಟ್ಟು, ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ಇವತ್ತೇ ಅವರ ಪಕ್ಕ ಕೂತು ಕೇಳಿ: "ನಿಂಗೇನು ಬೇಕು, ಹೇಳು."