ಚಿಕ್ಕಲಕ್ಷ್ಮಮ್ಮ ಮೆಸ್ಸಿನ ಊಟ

ಅರಕಲಗೂಡಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿರುವ ಚಿಕ್ಕಲಕ್ಷ್ಮಮ್ಮ ಮೆಸ್ಸಿಗೆ ಹೋದವರು ತಾವಾಗಿ ಏಳುವುದು ಕಷ್ಟ. ಒಂದು ಮುದ್ದೆ ಮುಗಿಯುವ ಮೊದಲೇ ಇನ್ನೊಂದು ಬಂದು ತಟ್ಟೆಗೆ ಬೀಳುತ್ತದೆ. ಬೇಡವೆಂದು ಕೈ ಅಡ್ಡ ಹಿಡಿದರೆ, ಮೆಸ್ ನಡೆಸುವ ಚಂದ್ರಕಲಾ ಆ ಕೈಯ ಪಕ್ಕದಲ್ಲೇ ಜಾಗ ಹುಡುಕಿ ಬಡಿಸುತ್ತಾಳೆ. ಶುಂಠಿ ವ್ಯಾಪಾರಿಗಳು, ಆಟೋದವರು, ತಾಲ್ಲೂಕು ಕಚೇರಿಗೆ ಅಲೆದು ಸುಸ್ತಾದವರು, ಎಲ್ಲರೂ ಹೊಟ್ಟೆ ಸವರಿಕೊಂಡು ಬೈಯುತ್ತಾರೆ, ಮಾರನೇ ದಿನ ಮತ್ತೆ ಬರುತ್ತಾರೆ. ಚಂದ್ರಕಲಾ ಮಾತ್ರ ಕೂತು ಉಂಡಿದ್ದನ್ನು ಯಾರೂ ಕಂಡಿಲ್ಲ. ಒಲೆಯ ಹತ್ತಿರ ನಿಂತೇ ನಾಲ್ಕು ತುತ್ತು ನುಂಗಿ ಕೈ ತೊಳೆಯುವವಳು ಅವಳು. ಬೋರ್ಡಿನ ಮೇಲಿರುವುದು ಅವಳ ತಾಯಿಯ ಹೆಸರೋ ಅತ್ತೆಯ ಹೆಸರೋ ಇರಬೇಕೆಂದು ಜನ ಅಂದುಕೊಂಡಿದ್ದರು.

ಗಿರಾಕಿಗಳ ಪಾಡೇ ಹೀಗಾದರೆ ಮಗಳ ಪಾಡು ಕೇಳಬೇಕೆ? ಎರಡನೇ ಕ್ಲಾಸಿನ ಧನುಶ್ರೀ ಗುಂಡಗುಂಡಗೆ ಉರುಳಾಡಿಕೊಂಡಿದ್ದಳು. ಶಾಲೆಯ ಮಿಸ್ಸು ತಿಂಡಿ ಸ್ವಲ್ಪ ಕಡಿಮೆ ಮಾಡಿ ಎಂದಿದ್ದಕ್ಕೆ ಚಂದ್ರಕಲಾ ಅಲ್ಲೇ ಜಗಳ ತೆಗೆದಿದ್ದಳು. ಗೂಡ್ಸ್ ಟೆಂಪೊ ಓಡಿಸುವ ಗಂಡ ನಾಗೇಶನಿಗೆ ಇದೆಲ್ಲ ತಮಾಷೆ.

"ಮಗ್ಳನ್ನ ತಂಬಾಕಿನ ಬೇಲ್ ಮಾಡ್ಬುಟ್ಟೆ ಕಣೆ. ನಾಳಿಕ್ಕೆ ನನ್ನ ಟೆಂಪೊನಾಗೆ ಲೋಡ್ ಮಾಡ್ಬೇಕು ಅಷ್ಟೇಯ," ಎನ್ನುತ್ತಿದ್ದ.

ಮೆಸ್ಸಿನ ಹಿಂದೆ ಮನೆ ಕಟ್ಟಿಸುವಾಗ ಬಚ್ಚಲಿನ ಪುಟ್ಟ ಕಿಂಡಿಗೆ ಅವಳು ಒತ್ತೊತ್ತಾಗಿ ಕಬ್ಬಿಣದ ಸರಳು ಹಾಕಿಸಿದಾಗಲೂ ಅವನು ನಕ್ಕಿದ್ದ. ಅಪ್ಪ ಅವ್ವ ಕಳ್ಳರಾಗಿದ್ದರು, ತಾನು ಹಾಸನದ ಬಾಲಮಂದಿರದಲ್ಲಿ ಬೆಳೆದೆ ಎಂದಷ್ಟೇ ಅವಳು ಗಂಡನಿಗೆ ಹೇಳಿದ್ದಳು. ಉಳಿದದ್ದು ಬಾಯಿಗೆ ಬಂದಿರಲಿಲ್ಲ.

ಉಳಿದದ್ದು ಇದು. ಅವಳು ಚಿಕ್ಕವಳಿದ್ದಾಗ ಅವರ ವಾಸ ಚನ್ನರಾಯಪಟ್ಟಣದಲ್ಲಿ. ಕೊಯ್ಲಿನ ಕಾಲಕ್ಕೆ ಹಳ್ಳಿಯವರೆಲ್ಲ ಹೊಲದಲ್ಲಿರುವ ಹೊತ್ತು ನೋಡಿ, ಅಪ್ಪ ಅವ್ವ ಒಳ್ಳೆಯ ಬಟ್ಟೆ ತೊಟ್ಟು, ಮಗಳನ್ನು ಮೊಪೆಡ್ಡಿನಲ್ಲಿ ನಡುವೆ ಕೂರಿಸಿಕೊಂಡು ಹೊರಡುತ್ತಿದ್ದರು. ನೆಂಟರ ಮನೆಗೆ ಹೊರಟ ಸಂಸಾರದ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಬೀಗ ಹಾಕಿದ ಮನೆಯ ಹಿಂದೆ ಹೋಗಿ ಬಚ್ಚಲಿನ ಹೊಗೆ ಕಿಂಡಿಯಲ್ಲಿ ಮಗಳನ್ನು ಒಳಗೆ ತೂರಿಸುವರು. ಅವಳು ಇಳಿದು ಹಿತ್ತಿಲ ಬಾಗಿಲಿನ ಅಗಳಿ ತೆಗೆಯಬೇಕು. ಆ ಕಿಂಡಿಯಲ್ಲಿ ತೂರಬೇಕಾದರೆ ಮೈಯಲ್ಲಿ ಮಾಂಸ ಇರಬಾರದು. ಅದಕ್ಕೇ ಅವಳಿಗೆ ದಿನಕ್ಕೆ ಒಂದೇ ಹೊತ್ತು ಊಟ. ಅವ್ವ ದೇವೀರಮ್ಮ ಮಗಳ ಪಕ್ಕೆಲುಬಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದಳು. ದಪ್ಪವಾಗಿದ್ದಾಳೆ ಅನ್ನಿಸಿದರೆ ಉಣ್ಣುವ ತಟ್ಟೆಯಿಂದಲೇ ಅರ್ಧ ಮುದ್ದೆ ಮುರಿದು ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಅತ್ತರೆ ಅಪ್ಪನ ಬೆಲ್ಟು ಮಾತಾಡುತ್ತಿತ್ತು. ಕಡಿಯುವ ಕುರಿಗಾದರೂ ಹೊಟ್ಟೆ ತುಂಬ ಸೊಪ್ಪು ಹಾಕುತ್ತಾರೆ. ಇವರು ಹೆತ್ತ ಮಗಳಿಗೆ ಅಷ್ಟನ್ನೂ ಮಾಡಲಿಲ್ಲ.

ಹಳ್ಳಿಮೈಸೂರಿನ ಕಡೆಯ ಒಂದು ಊರಿನಲ್ಲಿ ಅವಳು ಹಾಗೇ ಒಂದು ಮನೆಯೊಳಗೆ ಇಳಿದಳು. ಅಡುಗೆಮನೆ ದಾಟಿ ಹಿತ್ತಿಲ ಬಾಗಿಲಿಗೆ ಹೋಗಬೇಕು. ಅಡುಗೆಮನೆಯಲ್ಲಿ ಬುಟ್ಟಿಯ ಕೆಳಗೆ ಮುದ್ದೆ ಇತ್ತು. ಎಂಟು ವರ್ಷದ ಹುಡುಗಿ ಅಗಳಿಯನ್ನು ಮರೆತು ಅಲ್ಲೇ ಕೂತುಬಿಟ್ಟಳು. ಹೊರಗಡೆ ಅಪ್ಪ ಕಲ್ಲಿನಿಂದ ಬಾಗಿಲು ಕುಟ್ಟುತ್ತಿದ್ದ. ಅವಳು ಎರಡೂ ಕೈಯಲ್ಲಿ ಮುರಿದು ಮುರಿದು ನುಂಗುತ್ತಿದ್ದಳು. ಮೂಲೆಯಲ್ಲಿ ಕಂಬಳಿ ಅಲುಗಾಡಿತು. ಜ್ವರ ಬಂದ ಮುದುಕಿಯನ್ನು ಒಳಗೇ ಮಲಗಿಸಿ, ಮನೆಯವರು ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದರು.

ಮುದುಕಿ ಕೂಗಾಡಲಿಲ್ಲ. ಎದ್ದು ಕೂತು ಹುಡುಗಿಯ ಮೂಳೆ ಮೈಯನ್ನು ನೋಡಿದಳು.

"ಬರೀ ಮುದ್ದೆ ಗಂಟ್ಲಿಗೆ ಸಿಕ್ಕಾಕತದೆ ಕಣವ್ವ. ಸಾರಾಕ್ಕಂಡು ಉಣ್ಣು," ಎಂದು ಪಾತ್ರೆಯನ್ನು ಮುಂದಕ್ಕೆ ತಳ್ಳಿದಳು. ಹುಡುಗಿ ಉಂಡು ಮುಗಿಸಿದ ಮೇಲೆಯೇ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬೀದಿಯ ಕಿಟಕಿಗೆ ಹೋಗಿ ಬೊಬ್ಬೆ ಹಾಕಿದಳು. ಹೊಲದಿಂದ ಓಡಿ ಬಂದವರ ಕೈಗೆ ಅಪ್ಪ ಅವ್ವ ಸಿಕ್ಕಿಬಿದ್ದರು. ಆ ಮುದುಕಿಯೇ ಚಿಕ್ಕಲಕ್ಷ್ಮಮ್ಮ. ಬದುಕಿರುವವರೆಗೂ ಬಾಲಮಂದಿರಕ್ಕೆ ಬುತ್ತಿ ಕಟ್ಟಿಕೊಂಡು ಬಂದು ಹೋದಳು.

ಇಷ್ಟು ವರ್ಷಗಳಾದ ಮೇಲೆ, ಮೊನ್ನೆ ಮಧ್ಯಾಹ್ನ ದೇವೀರಮ್ಮ ಮೆಸ್ಸಿನ ಬಾಗಿಲಲ್ಲಿ ಬಂದು ನಿಂತಳು. ಅವಳ ಗಂಡ ಜೈಲಿನಲ್ಲೇ ಸತ್ತಿದ್ದ. ಇವಳೂ ಜೈಲು, ಬೇಲು ಎಂದು ಅಲೆದಲೆದು ಮಂಡಿ ಸವೆಸಿಕೊಂಡಿದ್ದಳು. ಬಡಿಸುತ್ತಿದ್ದ ಚಂದ್ರಕಲಾ ಸೌಟನ್ನು ಪಾತ್ರೆಗೆ ಹಾಕಿ ಬಾಗಿಲಿಗೆ ಬಂದಳು. ನಾಗೇಶ ಒಳ್ಳೆಯ ಮನುಷ್ಯ. ಒಳ್ಳೆಯವರಿಂದಲೇ ಇಂಥ ಹೊತ್ತಿನಲ್ಲಿ ಕಷ್ಟ.

"ಎಂಗಿದ್ರೂ ಎತ್ತವ್ವ ಅಲ್ವೇನೆ? ವಯಸ್ಸಾಗದೆ. ಮೂಲೇಲಿ ಬಿದ್ದಿರ್ಲಿ ಬಿಡು," ಎಂದು ಅತ್ತೆಯ ಕೈಚೀಲ ಹಿಡಿದುಕೊಂಡು ಮನೆಯೊಳಗೆ ಕರೆದೊಯ್ದ.

ಆಗಲ್ಲ ಎನ್ನಲು ಬಾಯಿ ತೆರೆದರೆ ಕಾರಣ ಹೇಳಬೇಕು. ಚಂದ್ರಕಲಾ ಆ ಹೊತ್ತಿಗೆ ಗಿರಾಕಿಗಳಿಗೆ ಬಡಿಸಲು ಹೋದಳು. ಆದರೆ ಅವ್ವ ಆ ಮನೆಯಲ್ಲಿ ಉಳಿಯುವುದಾದರೆ ತಾನು ಇನ್ನು ಕಣ್ಣು ಮುಚ್ಚಿ ಮಲಗುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಸಂಜೆ ಧನುಶ್ರೀ ಉಣ್ಣಲು ಕೂತಳು. ಪಕ್ಕದಲ್ಲಿ ಅಜ್ಜಿ. ಮೊಮ್ಮಗಳ ಬೆನ್ನು ಸವರುತ್ತಿದ್ದ ದೇವೀರಮ್ಮನ ಬೆರಳುಗಳು ಪಕ್ಕೆಯ ಮೇಲೆ ಹರಿದಾಡಿ ಅಲ್ಲೇ ನಿಂತವು.

"ಬಾಳ ಊದ್ಕಂಡದೆ ಕಣೆ ಕೂಸು," ಎಂದಳು. ಎನ್ನುತ್ತಲೇ ಮಗುವಿನ ತಟ್ಟೆಯಿಂದ ಅರ್ಧ ಮುದ್ದೆ ಮುರಿದು ತನ್ನ ತಟ್ಟೆಗೆ ಹಾಕಿಕೊಂಡಳು.

"ಅವ್ವಾ, ತಟ್ಟೆಗೆ ಕೈಯಾಕ್ಬ್ಯಾಡ!"

ಆ ಕೂಗಿಗೆ ನಾಗೇಶ ಬೆಚ್ಚಿಬಿದ್ದ. ಚಂದ್ರಕಲಾ ಅವನ ಕಡೆ ತಿರುಗಿದಳು.

"ಬಚ್ಚಲ ಕಿಂಡಿಗೆ ಸರಳ್ಯಾಕೆ ಅಂತ ನಗ್ತಿದ್ರಲ್ಲ? ನನ್ನ ಇಂಥಾ ಕಿಂಡೀಲೆ ತೂರಿಸ್ತಿದ್ರು ಕಣ್ರೀ. ಸಣ್ಣಗಿರ್ಲಿ ಅಂತ ಉಪಾಸ ಕೆಡವ್ತಿದ್ಲು. ಇಂಗೇ, ಉಣ್ಣೋ ತಟ್ಟೆಯಿಂದ ಕಿತ್ಕತಿದ್ಲು!"

ದೇವೀರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಒಟ್ಟೆಪಾಡು ಕಣವ್ವ. ನಿನ್ನ ಸಾಕ್ಬೇಕಾಗಿತ್ತಲ್ಲ."

"ಸಾಕಕ್ಕೆ ಅಂತ ಉಪಾಸ ಕೆಡವ್ದ್ಯಾ?" ಚಂದ್ರಕಲಾಳಿಗೆ ಅಳು ಬಂತು. ಅವಳು ಅದನ್ನು ತಡೆಯಲಿಲ್ಲ. "ಬಸ್ ಸ್ಟ್ಯಾಂಡ್ ತಾವ ಒಂದು ರೂಮ್ ಮಾಡ್ಕೊಡ್ತೀನಿ. ಎರಡೊತ್ತೂ ಮೆಸ್ಸಿಗೆ ಬಾ. ಎಲ್ರಿಗೂ ಬಡಿಸ್ದಂಗೆ ನಿಂಗೂ ಒಟ್ಟೆ ತುಂಬ ಬಡಿಸ್ತೀನಿ. ಈ ಮನೆ ಒಸ್ಲು ಮಾತ್ರ ದಾಟ್ಬ್ಯಾಡ."

ಈ ಸಲ ನಾಗೇಶ 'ಎತ್ತವ್ವ' ಎನ್ನಲಿಲ್ಲ. ದೇವೀರಮ್ಮ ಉಂಡು ಕೈ ತೊಳೆಯುವವರೆಗೆ ಕಾದಿದ್ದು, ಅದೇ ಕೈಚೀಲವನ್ನು ಎತ್ತಿಕೊಂಡು, ರೂಮು ಸಿಗುವವರೆಗೆ ಇರಲೆಂದು ಅವಳನ್ನು ಲಾಡ್ಜಿಗೆ ಕರೆದುಕೊಂಡು ಹೋದ.

ಮನೆಯಲ್ಲಿ ತಾಯಿ ಮಗಳಿಬ್ಬರೇ ಉಳಿದರು. ಮುರಿದುಹೋದ ಅರ್ಧಕ್ಕೆ ಬದಲಾಗಿ ಚಂದ್ರಕಲಾ ಮಗಳ ತಟ್ಟೆಗೆ ಇಡೀ ಮುದ್ದೆ ಇಟ್ಟಳು. ಧನುಶ್ರೀ ಹೆದರಿದ ಕಣ್ಣಿನಲ್ಲಿ ಅಮ್ಮನನ್ನೇ ನೋಡಿದಳು.

"ಅಮ್ಮ, ಹೊಟ್ಟೆ ತುಂಬ್ತು. ಸಾಕು."

ಇನ್ನೊಂದು ತುತ್ತು ಎನ್ನಲು ಹೊರಟ ಚಂದ್ರಕಲಾ ತನ್ನನ್ನು ತಾನೇ ತಡೆದುಕೊಂಡಳು. ಮಗಳು ಇದನ್ನು ದಿನಾ ಹೇಳುತ್ತಿದ್ದಳು. ಅವ್ವ ತಟ್ಟೆಯಿಂದ ಕಿತ್ತುಕೊಂಡಳು, ತಾನು ತಟ್ಟೆಗೆ ಸುರಿದಳು. ಹಸಿವಾಗಿದೆ ಎಂದರೂ ಹೊಟ್ಟೆ ತುಂಬಿದೆ ಎಂದರೂ ಮಗುವಿನ ಮಾತನ್ನು ಇಬ್ಬರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಸಾಕಾ? ಸರಿ ಕಂದ, ಎದ್ದು ಕೈ ತೊಳ್ಕೊ."

ಧನುಶ್ರೀ ನಂಬಲಾರದೆ ಒಂದು ಗಳಿಗೆ ಹಾಗೇ ಕೂತಿದ್ದು, ಆಮೇಲೆ ಎದ್ದು ಓಡಿದಳು.

ಚಂದ್ರಕಲಾ ಮಗಳು ಬಿಟ್ಟು ಹೋದ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಸಾರಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಮುದ್ದೆಯ ಮೇಲೆ ಧಾರಾಳವಾಗಿ ಸುರಿದುಕೊಂಡು, ನಿಧಾನವಾಗಿ ಉಂಡಳು.