ಇಲ್ಲಣ್ಣನ ಜಾಗಕ್ಕೆ

ಯಾರೂ ಹತ್ತದ ಏಣಿ ಗಟ್ಟಿಯಿದ್ದರೇನು, ಸಡಿಲವಿದ್ದರೇನು? ಅಲ್ಲದೆ ತಾನು ಬಿಚ್ಚಿದ್ದು ಒಂದು ದಾರ, ಅಷ್ಟೇ. ಏಣಿಯ ಒಂದು ಮೊಳೆಯನ್ನೂ ಮುಟ್ಟಿಲ್ಲ. ಹಾಗಿದ್ದರೆ ಆ ದಾರವನ್ನು ಕಸದ ಬುಟ್ಟಿಗೆ ಎಸೆಯದೆ ಜೇಬಿನಲ್ಲಿ ಇಟ್ಟುಕೊಂಡಿದ್ದು ಯಾಕೆ?

ಗುಮಾಸ್ತ ಜೇಬಿನೊಳಗೆ ಬೆರಳಾಡಿಸಿದ. ಕೆಂಪು ದಾರ ಅಲ್ಲೇ ಇತ್ತು. ಎದುರಿಗೆ, ಸಂದರ್ಶನದ ಕೋಣೆಯ ಗೋಡೆಗೆ ಒರಗಿಕೊಂಡು, ಏಳು ಮೆಟ್ಟಿಲಿನ ಅಲ್ಯೂಮಿನಿಯಂ ಏಣಿ ಹೆಣ್ಣು ನೋಡಲು ಬಂದ ಗಂಡಿನಂತೆ ಮಿರಮಿರ ಮಿಂಚುತ್ತ ನಿಂತಿತ್ತು.

ಅದು ಏಣಿ ಮಾಡುವ ಕಾರ್ಖಾನೆ. ತಯಾರಾದ ಪ್ರತಿ ಏಣಿಯನ್ನೂ ಹೊರಗೆ ಕಳಿಸುವ ಮೊದಲು ಪರೀಕ್ಷಕ ಹತ್ತಿ ನೋಡಬೇಕು. ಒಂದೊಂದು ಮೆಟ್ಟಿಲ ಮೇಲೂ ಮೂರು ಸಲ ಕುಪ್ಪಳಿಸಬೇಕು. ಸರಿಯಿದ್ದರೆ ಲಾರಿಗೆ. ಇಲ್ಲದಿದ್ದರೆ ತುದಿಗೆ ಕೆಂಪು ದಾರ ಕಟ್ಟಿ ಹಿತ್ತಲಿಗೆ. ಇಪ್ಪತ್ತಾರು ವರ್ಷ ಆ ಕೆಲಸ ಮಾಡಿದವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. "ಈ ಒಂದು ಸಲ ಬಿಟ್ಟುಬಿಡಣ್ಣ" ಎಂದು ಯಾರು ಕೇಳಿದರೂ ಅವನ ಉತ್ತರ "ಇಲ್ಲಣ್ಣ." ಆ ಉತ್ತರವೇ ಹೆಸರಾಗಿ ಅಂಟಿಕೊಂಡಿತ್ತು. ಶನಿವಾರ ಇಲ್ಲಣ್ಣನ ನಿವೃತ್ತಿ. ಇವತ್ತು ಶುಕ್ರವಾರ, ಅವನ ಜಾಗಕ್ಕೆ ಸಂದರ್ಶನ.

ಎಂಥವರು ಬೇಕು ಎಂಬುದನ್ನು ಮಾಲೀಕರ ಅಳಿಯ ತೀರ್ಮಾನಿಸಿದ್ದ. ಅವನು ಎರಡು ದಿನದ ತರಬೇತಿಗೆ ಹೋಗಿ, ಕೊರಳಿಗೆ ನೇತುಹಾಕುವ ಗುರುತಿನ ಚೀಟಿಯನ್ನೂ ನೌಕರರಲ್ಲಿ ಇರಬೇಕಾದ ಹತ್ತು ಗುಣಗಳ ಪಟ್ಟಿಯನ್ನೂ ತಂದಿದ್ದ. ಚೀಟಿಯನ್ನು ಒಂದು ವಾರವಾದರೂ ತೆಗೆದಿರಲಿಲ್ಲ. ಪಟ್ಟಿಯಲ್ಲಿ ಉತ್ಸಾಹ ಇತ್ತು, ನಗುಮುಖ ಇತ್ತು, ಧೈರ್ಯ, ದೂರದೃಷ್ಟಿ, ತಂಡದ ಮನೋಭಾವ ಎಲ್ಲ ಇದ್ದವು. ಹತ್ತನೆಯದು ದಪ್ಪ ಅಕ್ಷರದಲ್ಲಿತ್ತು: 'ಆಗುವುದಿಲ್ಲ' ಎಂದು ಹೇಳದಿರುವುದು. ಏಣಿಯ ವಿಷಯ ಗೊತ್ತಿರಬೇಕು ಎಂಬುದು ಎಲ್ಲೂ ಇರಲಿಲ್ಲ.

"ಸಂದರ್ಶನಕ್ಕೆ ಇಲ್ಲಣ್ಣನ್ನೂ ಜೊತೆಗೆ ಕೂರಿಸ್ಕೊಳ್ಳೋಣ್ವಾ?" ಎಂದು ಮಾಲೀಕರು ಕೇಳಿದ್ದರು.

"ಬೇಡ ಮಾವ. ಅವನು ತನ್ನಂಥವನನ್ನೇ ಹುಡುಕಿ ತರ್ತಾನೆ. ಇನ್ನೂ ಇಪ್ಪತ್ತಾರು ವರ್ಷ ಇಲ್ಲ, ಇಲ್ಲ ಅಂತ ಕೇಳ್ಕೊಂಡು ಕೂತಿರಬೇಕಾಗುತ್ತೆ."

"ಮತ್ತೆ ಮೂರನೆಯವರು?"

"ಗುಮಾಸ್ತರು ಇದ್ದಾರಲ್ಲ. ಅವರು ಎಲ್ಲದಕ್ಕೂ ಹೊಂದಿಕೊಳ್ತಾರೆ."

ಗುಮಾಸ್ತ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದ. ಯಾವುದೇ ವಿಷಯಕ್ಕೂ ಎರಡು ಕಡೆಯ ವಾದ ಅವನಿಗೆ ಗೊತ್ತಿರುತ್ತಿತ್ತು. ಹಾಗಾಗಿ ಸಾಮಾನ್ಯವಾಗಿ ಸುಮ್ಮನಿರುತ್ತಿದ್ದ. ಒಂಬತ್ತು ವರ್ಷದಲ್ಲಿ ಆ ಮೌನ ಅವನಿಗೆ ಗಂಭೀರ ಮನುಷ್ಯ ಎಂಬ ಹೆಸರನ್ನೂ ಕಿಟಕಿ ಪಕ್ಕದ ಮೇಜನ್ನೂ ತಂದುಕೊಟ್ಟಿತ್ತು.

ಬೆಳಗ್ಗೆ ಅಳಿಯ ಹೇಳಿದ್ದು ಇಷ್ಟು: "ಕೋಣೆಗೆ ಒಂದು ಏಣಿ ತಂದಿಡಿ. ಸುಮ್ಮನೆ, ನೋಡೋಕೆ." ಒಳ್ಳೆಯ ಏಣಿಗಳೆಲ್ಲ ಆಗಲೇ ಲಾರಿ ಸೇರಿದ್ದವು. ಹಿತ್ತಲ ಬಾಗಿಲ ಬಳಿ ಇದೊಂದು ನಿಂತಿತ್ತು, ತುದಿಯಲ್ಲಿ ಕೆಂಪು ದಾರ. ನೋಡುವುದಕ್ಕಷ್ಟೇ ತಾನೆ ಎಂದು ಗುಮಾಸ್ತ ದಾರ ಬಿಚ್ಚಿ, ಬಟ್ಟೆಯಿಂದ ಒರೆಸಿ, ಹೊತ್ತು ತಂದಿದ್ದ.

ಮೊದಲು ಒಳಗೆ ಬಂದವನು ನಗುತ್ತಲೇ ಬಂದ. ಕೂರುವಾಗಲೂ ನಕ್ಕ. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದಾಗಲೂ ನಕ್ಕ. ಅವನು ಮೊದಲು ಸೋಪು ಮಾರುತ್ತಿದ್ದನಂತೆ, ಅದಕ್ಕೂ ಮೊದಲು ಟೂತ್‌ಪೇಸ್ಟು.

"ನಿಮ್ಮ ದೌರ್ಬಲ್ಯ ಏನು?" ಎಂದು ಅಳಿಯ ಕೇಳಿದ.

"ಕೆಲಸ ಜಾಸ್ತಿ ಮಾಡಿಬಿಡ್ತೀನಿ ಸರ್. ಮನೇಲಿ ಬೈತಾರೆ."

ಅಳಿಯನಿಗೆ ಎಷ್ಟು ಖುಷಿಯಾಯಿತೆಂದರೆ, ಪಟ್ಟಿಯಲ್ಲಿ ಇಲ್ಲದ ಪರೀಕ್ಷೆಯೊಂದು ಆ ಕ್ಷಣವೇ ಅವನಿಗೆ ಹೊಳೆಯಿತು. "ಎಲ್ಲಿ, ಆ ಏಣಿ ಹತ್ತಿ ತೋರಿಸಿ ನೋಡೋಣ."

ಗುಮಾಸ್ತನ ಕೈಯಲ್ಲಿದ್ದ ಪೆನ್ನು ನಿಂತಿತು. ಈಗ ಹೇಳಬೇಕು. ಹೇಳುವುದಕ್ಕೆ ಬಾಯಿಯನ್ನೂ ತೆರೆದ. ಅಷ್ಟರಲ್ಲಿ ನಗುಮುಖದವನು ಮೂರು ಮೆಟ್ಟಿಲು ಹತ್ತಿ, ತಿರುಗಿ, ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ದೂರ ನೋಡಿದ. ಎದುರಿಗೆ ಕಪಾಟು ಇತ್ತು.

"ಇಲ್ಲಿಂದ ಕಂಪನಿ ಭವಿಷ್ಯ ಕಾಣ್ತಿದೆ ಸರ್."

ಮಾಲೀಕರು ಮೇಜು ತಟ್ಟಿ ನಕ್ಕರು. ಏಣಿಗೆ ಏನೂ ಆಗಲಿಲ್ಲ. ಗುಮಾಸ್ತ ಬಾಯಿ ಮುಚ್ಚಿದ. ಅಳಿಯ 'ದೂರದೃಷ್ಟಿ' ಎಂಬಲ್ಲಿ ಹತ್ತಕ್ಕೆ ಹತ್ತು ಬರೆದ.

ಎರಡನೆಯದಾಗಿ ಬಂದದ್ದು ಒಬ್ಬ ಹೆಂಗಸು. ನಲವತ್ತು ದಾಟಿರಬೇಕು. ದೊಡ್ಡ ಉಗ್ರಾಣವೊಂದರಲ್ಲಿ ಹನ್ನೊಂದು ವರ್ಷ ಮೇಲಿನ ಅಟ್ಟಗಳಿಂದ ಪೆಟ್ಟಿಗೆ ಇಳಿಸುವ ಕೆಲಸ ಮಾಡಿದವಳು. ಅದು ಮುಚ್ಚಿ ನಾಲ್ಕು ತಿಂಗಳಾಗಿತ್ತು. "ಈ ಕೆಲಸ ನನಗೆ ಬೇಕೇ ಬೇಕು ಸರ್" ಎಂದು ಮೊದಲೇ ಹೇಳಿದಳು. ನಗಲಿಲ್ಲ.

ಏಣಿ ಹತ್ತಿ ಎಂದಾಗ ಅವಳು ಹತ್ತಲಿಲ್ಲ. ಅದರ ಎರಡೂ ಬದಿಗೆ ಹೋಗಿ ಬಗ್ಗಿ ನೋಡಿದಳು. ಚೀಲದಿಂದ ಮನೆಯ ಬೀಗದ ಕೈ ತೆಗೆದು ಕೆಳಗಿನಿಂದ ಒಂದೊಂದೇ ಮೆಟ್ಟಿಲನ್ನು ತಟ್ಟಿದಳು. ಟಣ್, ಟಣ್, ಟಣ್, ಟಣ್. ಐದನೆಯದು ಟಪ್ ಎಂದಿತು.

"ಇದನ್ನ ನಾನು ಹತ್ತಲ್ಲ ಸರ್."

"ಯಾಕಮ್ಮ, ಭಯವಾ?" ಎಂದ ಅಳಿಯ.

"ಭಯ ಅಲ್ಲ. ಐದನೇ ಮೆಟ್ಟಿಲಿನ ಮೊಳೆ ಸಡಿಲ ಇದೆ. ಭಾರ ಬಿದ್ರೆ ಕಿತ್ಕೊಂಡು ಬರುತ್ತೆ."

"ಈಗ ತಾನೆ ಒಬ್ರು ಹತ್ತಿ ಇಳಿದ್ರಲ್ಲ."

"ಐದನೇದಕ್ಕೆ ಹತ್ತಿದ್ರಾ?"

ಅಳಿಯ ಮಾವನ ಮುಖ ನೋಡಿದ. ಮಾಲೀಕರು ನಿಟ್ಟುಸಿರು ಬಿಟ್ಟರು. "ಇವಳು ಇಲ್ಲಣ್ಣನ ತಂಗಿ ಇರಬೇಕು ಕಣಯ್ಯ" ಎಂದು ಅವಳಿಗೆ ಕೇಳುವಂತೆಯೇ ಹೇಳಿದರು. ಧೈರ್ಯ ಸೊನ್ನೆ. ಉತ್ಸಾಹ ಸೊನ್ನೆ. ಇನ್ನೊಬ್ಬರ ಸಾಧನೆಯನ್ನು ಹೀಗಳೆದದ್ದಕ್ಕೆ ತಂಡದ ಮನೋಭಾವವೂ ಸೊನ್ನೆ. ಅಳಿಯ ಗುಮಾಸ್ತನ ಕಡೆ ತಿರುಗಿದ. "ನಿಮ್ಮ ಅಂಕ?"

ಜೇಬಿನ ದಾರವನ್ನು ತೆಗೆದು ಮೇಜಿನ ಮೇಲಿಟ್ಟರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ಕೆಲಸ ಅವಳದಾಗುತ್ತಿತ್ತು. ಕಿಟಕಿ ಪಕ್ಕದ ಮೇಜು ಬಹುಶಃ ಇನ್ನಾರದೋ ಆಗುತ್ತಿತ್ತು. ಗುಮಾಸ್ತ ಎರಡು ಕಡೆಯ ವಾದವನ್ನೂ ತೂಗಿದ. ತೂಗುತ್ತಿರುವಾಗಲೇ ಅವನ ಕೈ ಐದು ಎಂದು ಬರೆದಿತ್ತು. ಐದು ಯಾವ ಕಡೆಗೂ ಸೇರಿದ್ದಲ್ಲ.

ಹೊರಗಿನ ಮೊಗಸಾಲೆಯಲ್ಲಿ ಅವಳ ಅರ್ಜಿಯ ಪ್ರತಿಗಳನ್ನು ಹಿಂದಿರುಗಿಸುವಾಗ ಅವಳು ದನಿ ತಗ್ಗಿಸಿ ಕೇಳಿದಳು. "ಸರ್, ಆ ಏಣಿ ತುದೀಲಿ ಏನೋ ಕಟ್ಟಿ ಬಿಚ್ಚಿದ ಗುರುತಿದೆ. ಕೆಂಪು ಎಳೆ ಇನ್ನೂ ಅಂಟ್ಕೊಂಡಿದೆ. ಇಲ್ಲಿ ಅದಕ್ಕೇನಾದ್ರೂ ಅರ್ಥ ಇದೆಯಾ?"

"ನಾನು ಆಫೀಸಿನವನು," ಎಂದ ಗುಮಾಸ್ತ. "ಏಣಿ ವಿಷಯ ಗೊತ್ತಾಗಲ್ಲ."

ಅವಳು ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. 'ತಮ್ಮ ಧೋರಣೆಯು ನಮ್ಮ ಸಂಸ್ಥೆಯ ಮೌಲ್ಯಗಳಿಗೆ ಹೊಂದದ ಕಾರಣ' ಎಂಬ ಪತ್ರವನ್ನು ಅವಳಿಗೆ ಟೈಪು ಮಾಡಿದ್ದೂ ಗುಮಾಸ್ತನೇ. 'ವಿಷಾದಿಸುತ್ತೇವೆ' ಎಂಬುದಕ್ಕೆ ಮೊದಲು 'ತುಂಬಾ' ಎಂದು ಸೇರಿಸಿದ. ಅಳಿಯ ಅದನ್ನು ಹೊಡೆದುಹಾಕಿದ.

ಮರುದಿನ ಬೀಳ್ಕೊಡುಗೆಯಲ್ಲಿ ಇಲ್ಲಣ್ಣನಿಗೆ ಒಂದು ಗಡಿಯಾರ ಕೊಟ್ಟರು. ಅವನು ಅದನ್ನು ಕಿವಿಗೆ ಹಿಡಿದು, ಅಲ್ಲಾಡಿಸಿ, ಚೀಲಕ್ಕೆ ಹಾಕಿಕೊಂಡ. ಹೊರಡುವಾಗ ಗುಮಾಸ್ತನ ಮೇಜಿನ ಹತ್ತಿರ ನಿಂತ.

"ಹಿತ್ತಲ ಬಾಗಿಲಲ್ಲಿ ಒಂದಿತ್ತಲ್ಲಪ್ಪ, ಎಲ್ಲಿ ಹೋಯ್ತು?"

"ಒಳಗಿದೆ ಅಣ್ಣ. ಕೋಣೇಲಿ, ನೋಡೋಕೆ ಅಂತ ಇಟ್ಟಿದ್ದಾರೆ."

"ಇರ್ಲಿ. ದಾರ ಬಿಚ್ಚಿಲ್ಲ ತಾನೆ?"

"ಇಲ್ಲ," ಎಂದ ಗುಮಾಸ್ತ. ಆ ಕಾರ್ಖಾನೆಯಲ್ಲಿ ಅವನು ಬಾಯಿ ಬಿಟ್ಟು ಹೇಳಿದ 'ಇಲ್ಲ' ಅದೊಂದೇ. ಇಲ್ಲಣ್ಣ ನಂಬಿ, ಅವನ ಹೆಗಲು ತಟ್ಟಿ ಹೋದ.

ಸೋಮವಾರ ಮತ್ತೆ ಕಟ್ಟಿಬಿಡೋಣ ಎಂದುಕೊಂಡಿದ್ದ. ಸೋಮವಾರ ಬಂದಾಗ, ಇಲ್ಲಣ್ಣ ಹೋದ ಮೇಲೆ ಈ ದಾರ ಎಲ್ಲಿಂದ ಬಂತು ಎಂದು ಕೇಳಿದರೆ ಎಂಬ ಯೋಚನೆ ಬಂತು. ಮಂಗಳವಾರವೂ ಅದೇ ಯೋಚನೆ ಬಂತು. ನಗುಮುಖದವನು ಅಷ್ಟರಲ್ಲಿ ಕೆಲಸಕ್ಕೆ ಸೇರಿ, ಕೆಳಗೆ ನಿಂತೇ ಹೆಬ್ಬೆರಳು ಎತ್ತಿ ದಿನಕ್ಕೆ ಅರವತ್ತು ಏಣಿ ಪಾಸು ಮಾಡುತ್ತಿದ್ದ. ಕೆಂಪು ದಾರದ ಉಂಡೆಯಿಂದ ಅವನು ಟೀ ಲೋಟಗಳಿಗೆ ಗುರುತು ಕಟ್ಟಿದ್ದ.

ಗುರುವಾರ ಹತ್ತು ಗುಣಗಳ ಪಟ್ಟಿ ಚೌಕಟ್ಟು ಹಾಕಿಸಿಕೊಂಡು ಬಂತು. ಅದನ್ನು ತಾನೇ ತೂಗುಹಾಕುತ್ತೇನೆ ಎಂದು ಅಳಿಯ ಕೋಟು ಬಿಚ್ಚಿದ. ಕೋಣೆಯಲ್ಲಿ ಏಣಿ ಹೇಗೂ ಇತ್ತು. "ಮೇಲೆ, ಇನ್ನೂ ಸ್ವಲ್ಪ ಮೇಲೆ" ಎಂದು ಮಾಲೀಕರು ಕೆಳಗಿನಿಂದ ಹೇಳುತ್ತಿದ್ದರು. ಗುಮಾಸ್ತ ಬಾಗಿಲಲ್ಲಿ ನಿಂತು ಮೆಟ್ಟಿಲು ಎಣಿಸಿದ. ಮೂರು. ನಾಲ್ಕು. "ಸರ್" ಎಂದ, ಅದು ಅವನಿಗೇ ಕೇಳಿಸಲಿಲ್ಲ.

ಅಳಿಯನ ಬಲಗೈ ಎರಡು ಕಡೆ ಮುರಿಯಿತು. ಪಟ್ಟಿಗೆ ಗಾಜು ಮಾತ್ರ ಹೋಯಿತು.

ಆಸ್ಪತ್ರೆಯಿಂದ ಬಂದ ಮಾಲೀಕರು ಗುಮಾಸ್ತನನ್ನು ಕರೆಸಿದರು. ಏಣಿ ಯಾರು ತಂದಿಟ್ಟರು, ಎಲ್ಲಿಂದ ತಂದರು ಎಂದು ಕೇಳುತ್ತಾರೆಂದು ಅವನು ಜೇಬಿನಲ್ಲಿ ಕೈಯಿಟ್ಟುಕೊಂಡೇ ಹೋದ. ಅವರು ಕೇಳಲಿಲ್ಲ.

"ಆ ಹೆಂಗಸಿನ ಬಾಯಿ ನೋಡಿ. ಮೊಳೆ ಕಿತ್ಕೊಂಡು ಬರುತ್ತೆ ಅಂದ್ಲು, ಬಂತು. ಸದ್ಯ, ಅಂಥವಳನ್ನ ಸೇರಿಸ್ಕೊಳ್ಳಲಿಲ್ಲ. ಪಟ್ಟಿಗೆ ಹನ್ನೊಂದನೇದು ಸೇರಿಸಿ: ಒಳ್ಳೇದನ್ನೇ ನುಡಿಯುವವರು." ಆಮೇಲೆ, ಏನೋ ನೆನಪಾದವರಂತೆ, "ನೀವೇನಂತೀರಿ?"

"ಬರ್ಕೊಂಡೆ ಸರ್."

ಗುಮಾಸ್ತ ಇದ್ದದ್ದು ಅಕ್ಕನ ಮನೆಯಲ್ಲಿ. ಭಾವ ಗೋಡೆಗಳಿಗೆ ಬಣ್ಣ ಹೊಡೆಯುವವನು. 'ಇಲ್ಲಣ್ಣ ನೋಡಿ ಬಿಟ್ಟ ಏಣಿ ಅಂದ್ರೆ ಅದರ ಮೇಲೆ ನಿದ್ದೇನೂ ಮಾಡಬಹುದು' ಎನ್ನುವುದು ಅವನ ಮಾತು. ಅವತ್ತು ಸಂಜೆ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ ತೊಳೆಯುತ್ತ ಕೇಳಿದ: "ಹೊಸ ಏಣಿ ಕೊಡಿಸ್ತೀನಿ ಅಂದಿದ್ದೆಯಲ್ಲ, ಏನಾಯ್ತೋ?"

"ಹಳೇದೇ ಇಟ್ಕೊಳ್ಳಿ ಭಾವ. ಅದು ಚೆನ್ನಾಗಿದೆ."

"ಯಾಕೆ, ನಿಮ್ಮ ಹೊಸದಕ್ಕೇನಾಗಿದೆ?"

ಗುಮಾಸ್ತ ಕೈ ಒರೆಸಿಕೊಳ್ಳಲು ಬಟ್ಟೆ ತಂದುಕೊಟ್ಟ. "ಅವನ ಬಾಯಿಂದ ಇಷ್ಟು ಬಂದಿದ್ದೇ ದೊಡ್ಡದು, ಸುಮ್ನಿರಿ" ಎಂದು ಅಕ್ಕ ಒಳಗಿನಿಂದ ನಕ್ಕಳು.

ಆ ಏಣಿಗೆ ಕೆಂಪು ದಾರ ಇತ್ತು, ಅದನ್ನು ಬಿಚ್ಚಿದ್ದು ತಾನು, ಆ ಹೆಂಗಸು ಹೇಳಿದ್ದು ನಿಜ ಎಂದು ಅವನು ಭಾವನಿಗೂ ಹೇಳಲಿಲ್ಲ, ಮಾಲೀಕರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.